ಮೈದನಹಳ್ಳಿಯ ಹುಲ್ಲುಬಯಲಿನಲ್ಲಿ

ಮಧುಗಿರಿಯ ಏಕಶಿಲಾ ಬೆಟ್ಟ, ಕೊರಟಗೆರೆಯ ಸಿದ್ಧರಬೆಟ್ಟ, ಪಾವಗಡದ ಕೋಟೆ, ಶಿರಾದ ಮಲಿಕ್ ರಿಹಾನನ ಗೋರಿ, ಇವನ್ನೆಲ್ಲ ನೀವು ಬಲ್ಲಿರಿ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಬಯಲನ್ನು ನೋಡಿರುವಿರೇನು? 798 ಎಕರೆಯ ಈ ಬಯಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲಾಯಿತು.

ಹೊರಡುವ ಮೊದಲು ಅರಣ್ಯ ಇಲಾಖೆಯವರ ಅನುಮತಿ ಪಡೆಯಿರಿ. ದಾರಿ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿರಿ. ಬಿಸಿಲೇರುವ ಮುನ್ನವೇ ಅಲ್ಲಿರುವುದು ಒಳ್ಳೆಯದು. ಡಾಂಬರು ಮುಗಿದ ಮೇಲೆ ಮಣ್ಣಿನ ಜಾಡು. ಮೈ ಕುಲುಕುತ್ತದೆ, ಧೂಳು ಮುತ್ತುತ್ತದೆ. ಹಿಂಡು ಕಣ್ಣಿಗೆ ಬಿದ್ದೊಡನೆ ಗಾಡಿ ನಿಲ್ಲಿಸಿ, ಸದ್ದಿಲ್ಲದೆ ಕುಳಿತು ನೋಡಿರಿ. ಸುರುಳಿಗೊಂಬಿನ ಕಪ್ಪು ಮೃಗ ಬೆಳೆದ ಗಂಡು. ಕಂದುಬಣ್ಣದವು ಹೆಣ್ಣುಗಳು, ಮರಿಗಳು.

ಬಯಲು ಬರಿದಾಗಿ ಕಾಣುವುದರಿಂದ, ಜೀಪನ್ನೋ ಈಗಿನ ದಪ್ಪಗಾಲಿಯ ಎ.ಟಿ.ವಿ.ಯನ್ನೋ ಜಾಡು ಬಿಟ್ಟು ಹಿಂಡಿನ ಹಿಂದೆ ಓಡಿಸಲು ಮನಸ್ಸಾದೀತು. ದಯವಿಟ್ಟು ಬೇಡಿ. ಟಿಟ್ಟಿಭ ಹಕ್ಕಿ ಮೊಟ್ಟೆಯಿಡುವುದು ಬರಿಯ ನೆಲದ ಮೇಲೆ. ಕೃಷ್ಣಮೃಗದ ಎಳೆಮರಿ ಅಡಗಿರುವುದು ಹುಲ್ಲಿನೊಳಗೆ. ಅಪಾಯ ಹತ್ತಿರ ಬಂದರೆ ಅದು ಓಡುವುದಿಲ್ಲ, ಅಲುಗಾಡದೆ ಮಲಗಿಬಿಡುತ್ತದೆ. ಗಾಡಿ ನಡೆಸುವವನ ಕಣ್ಣಿಗೆ ಅದು ಬೀಳುವುದೇ ಇಲ್ಲ.

ನೀವು ಬಂದು ಹೋದರೂ ಹಿಂಡು ಮೇಯುತ್ತಲೇ ಇದ್ದರೆ, ಪ್ರವಾಸ ಸಾರ್ಥಕವಾಯಿತೆಂದು ತಿಳಿಯಿರಿ.