ಪಾರಣೆಯಿಲ್ಲದ ಉಪವಾಸ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆಗೆ ಬಂದವರನ್ನು ಮೊದಲು ಕೇಳುವ ಮಾತು ‘ಆಸರಿಗೆ ಏನು ಬೇಕು?’ ಎಂಬುದು. ಉಣ್ಣುವುದಕ್ಕೆ ಇಷ್ಟು ಬೆಲೆಯಿರುವ ಊರಲ್ಲಿ ಉಣ್ಣದಿರುವುದಕ್ಕೂ ಬೆಲೆಯುಂಟು. ಏಕಾದಶಿ, ಸಂಕಷ್ಟಿ, ಒಪ್ಪೊತ್ತು ಎಂದವರನ್ನು ಯಾರೂ ಬಲವಂತ ಮಾಡುವುದಿಲ್ಲ. ಆದರೆ ಏಕಾದಶಿಯಾದರೆ ಮರುದಿನ ಪಾರಣೆಯಿದೆ. ಪಾರಣೆಯೇ ಇಲ್ಲದ ಉಪವಾಸವೊಂದುಂಟು. ವೈದ್ಯರು ಅದನ್ನು ಅನೊರೆಕ್ಸಿಯಾ ನರ್ವೋಸಾ ಎನ್ನುತ್ತಾರೆ.

1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಲಾಸೆಗ್ ಈ ಕಾಯಿಲೆಯನ್ನು ಬೇರೆಬೇರೆಯಾಗಿ ವಿವರಿಸಿದರು. ಮರುವರ್ಷ ಅಚ್ಚಾದ ಗಲ್ ಅವರ ಲೇಖನದಲ್ಲಿ ರೋಗಿಗಳ ಚಿತ್ರಗಳಿದ್ದವು: ಎಲುಬು ಎದ್ದ ಮುಖವೂ ಇತ್ತು, ಚೇತರಿಸಿಕೊಂಡ ಮೇಲಿನ ತುಂಬಿದ ಮುಖವೂ ಇತ್ತು. ಗುಣವಾಗುತ್ತದೆ ಎಂಬುದು ಆಗಲೇ ಗೊತ್ತಿತ್ತು. ಎಷ್ಟು ಕಾಲ ಬೇಕು ಎಂಬುದು ತಿಳಿದದ್ದು ಬಹಳ ತಡವಾಗಿ.

ಹೆಸರಿನ ಅರ್ಥ ‘ಹಸಿವಿಲ್ಲದಿರುವುದು’. ಆದರೆ ಅನೇಕರಲ್ಲಿ ಹಸಿವು ಇದ್ದೇ ಇರುತ್ತದೆ. ಅದನ್ನು ಅದುಮಿ ಹಿಡಿದಿರುತ್ತಾರೆ. ದಪ್ಪಗಾಗುವ ಭಯವೇ ಇದರ ಮುಖ್ಯ ಗುರುತೆಂದು ಪಾಶ್ಚಾತ್ಯ ಪುಸ್ತಕಗಳು ಹೇಳಿದವು. 1995ರಲ್ಲಿ ದೆಹಲಿಯ ಮನೋವೈದ್ಯರು ಐವರು ಯುವತಿಯರ ಬಗ್ಗೆ ಬರೆದರು. ಅವರು ಊಟ ಬಿಟ್ಟು, ಸೊರಗಿ, ಮುಟ್ಟು ನಿಂತು ಬಂದಿದ್ದರೂ ತಮ್ಮ ಮೈಯ ಆಕಾರದ ಚಿಂತೆ ಅವರಲ್ಲಿ ಕಾಣಲಿಲ್ಲ. ‘ಊಟ ಸೇರುವುದಿಲ್ಲ’ ಎಂಬ ಮಾತನ್ನು ಹೊಟ್ಟೆಯ ತೊಂದರೆ ಎಂದುಕೊಂಡು ಕಷಾಯ ಕುಡಿಸುತ್ತಾ ಹೋದರೆ ವರ್ಷಗಳೇ ಕಳೆಯಬಹುದು. ಇದು ಅಪರೂಪದ ವಿದೇಶಿ ಕಾಯಿಲೆಯೂ ಅಲ್ಲ. 2012ರಲ್ಲಿ ಪ್ರಕಟವಾದ ಬೆಂಗಳೂರಿನ ಸಮೀಕ್ಷೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮನೋವೈದ್ಯರು ಇಂಥ ಆಹಾರ ಸಂಬಂಧಿ ಕಾಯಿಲೆಯವರನ್ನು ಕಂಡಿದ್ದರು.

ಹಾಗಾದರೆ ಮುಂದೇನಾಗುತ್ತದೆ? 2002ರಲ್ಲಿ 119 ಅಧ್ಯಯನಗಳನ್ನು ಒಟ್ಟಾಗಿ ನೋಡಿದಾಗ, ಬದುಕುಳಿದವರಲ್ಲಿ ಅರ್ಧಕ್ಕೆ ತುಸು ಕಡಿಮೆ ಜನ ಪೂರ್ತಿ ಗುಣವಾಗಿದ್ದರು, ಮೂರರಲ್ಲೊಂದು ಪಾಲು ಸುಧಾರಿಸಿದ್ದರು, ಐವರಲ್ಲೊಬ್ಬರಿಗೆ ಕಾಯಿಲೆ ಉಳಿದೇ ಇತ್ತು. ಸಾವು ಕಂಡವರೂ ಇದ್ದರು. ಭರವಸೆ ಕೊಟ್ಟದ್ದು 2017ರ ಬಾಸ್ಟನ್ ಅಧ್ಯಯನ. ಒಂಬತ್ತು ವರ್ಷದ ಹೊತ್ತಿಗೆ ನೂರರಲ್ಲಿ 31 ಜನ ಮಾತ್ರ ಗುಣವಾಗಿದ್ದರೆ, ಇಪ್ಪತ್ತೆರಡು ವರ್ಷದ ಹೊತ್ತಿಗೆ ಆ ಸಂಖ್ಯೆ ಸುಮಾರು 63ಕ್ಕೆ ಏರಿತ್ತು. ಇನ್ನು ಆಗದು ಎಂದು ಕೈಬಿಡಬಹುದಾಗಿದ್ದ ಎಷ್ಟೋ ಮಂದಿ ಕೊನೆಗೆ ಗುಣ ಕಂಡರು.

ತೂಕ ಬಂದ ಮಾತ್ರಕ್ಕೆ ಮನಸ್ಸು ಗುಣವಾಯಿತೆಂದಲ್ಲ. ಮೂಳೆಯ ಸವೆತ ಉಳಿಯಬಹುದು. ತಟ್ಟೆಯ ಮುಂದಿನ ಭಯ ಹೋಗುವುದು ಕೊನೆಗೆ. ಬಹುಕಾಲ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಹೆಚ್ಚು ಉಣಿಸುವುದೂ ಅಪಾಯ. ರಕ್ತದ ಲವಣಗಳು ಏರುಪೇರಾಗಿ ಹೃದಯಕ್ಕೆ ಪೆಟ್ಟಾಗಬಹುದು. ಆದ್ದರಿಂದ ಆ ಕೆಲಸ ವೈದ್ಯರ ನಿಗಾದಲ್ಲೇ ನಡೆಯಬೇಕು. ಮದುವೆಮನೆಯಲ್ಲಿ ಪ್ರೀತಿಯಿಂದ ಹೇಳುವ ‘ಈಗ ಮೈಕೈ ತುಂಬಿಕೊಂಡಿದ್ದೀಯೆ ತಂಗಿ’ ಎಂಬ ಮಾತೂ ಆಕೆಗೆ ನೋವು ತರಬಹುದು.

ಧಾರವಾಡದ ಡಿಮ್ಹಾನ್ಸ್ ಮತ್ತು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಿದ್ದಾರೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ ಸಂಖ್ಯೆ 14416. ಮನೆಯವರು ಮಾಡಬೇಕಾದ್ದು ಬೈಯದೆ, ಬೇಡಿಕೊಳ್ಳದೆ, ಹೊತ್ತುಹೊತ್ತಿಗೆ ಬಡಿಸಿ ಜೊತೆಗೆ ಕೂರುವುದು. ಪಾರಣೆಯ ದಿನ ತಡವಾಗಿ ಬರಬಹುದು. ಬಾರದೇ ಹೋಗುತ್ತದೆಂದು ಮೊದಲೇ ತೀರ್ಮಾನಿಸಬಾರದು.