ನೆಲದ ಮೇಲೆ ನಿಂತು ಹಾರಿಸುವ ವಿಮಾನ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವವೆಂದರೆ ಸಾಹಿತ್ಯ, ಸಂಗೀತ, ನಾಟಕಗಳ ಸಂಭ್ರಮವೆಂಬುದು ನಮ್ಮಲ್ಲಿ ರೂಢಿ. ಇಂಥ ವೇದಿಕೆಯ ಮೇಲೆ ಆಟದ ವಿಮಾನದ ಮಾತನ್ನೆತ್ತುವುದು ಕೆಲವರಿಗೆ ವಿಚಿತ್ರವೆನಿಸೀತು. ಆದರೂ ಗಡಿನಾಡಿನಲ್ಲಿ ಬಾಳುವ ನಮಗೆ ಒಂದು ಪ್ರಶ್ನೆ ದಿನದಿನವೂ ಎದುರಾಗುತ್ತಲೇ ಇದೆ. ಬೀದಿಯಲ್ಲಿ ತಮಿಳು, ಒಲೆಯ ಮುಂದೆ ಕನ್ನಡ ಎಂದು ನಾವು ಬಾಳುತ್ತಿದ್ದೇವೆ. ಅದರಲ್ಲಿ ನಮಗೆ ಸಂಕೋಚವೂ ಇಲ್ಲ, ಜಗಳವೂ ಇಲ್ಲ. ಆದರೆ ಯಂತ್ರದ ಮುಂದೆ ನಿಂತಾಗ ನಮ್ಮ ಮಕ್ಕಳು ಯಾವ ಭಾಷೆಯಲ್ಲಿ ಯೋಚಿಸಬೇಕು? ಕನ್ನಡವೇನಿದ್ದರೂ ಹಾಡಿಗೆ, ಹಬ್ಬಕ್ಕೆ. ವಿಜ್ಞಾನಕ್ಕೆ ಅದು ಒದಗದು ಎಂದು ಅವರು ಒಮ್ಮೆ ನಂಬಿಬಿಟ್ಟರೆ, ಆಮೇಲೆ ಎಷ್ಟು ಉತ್ಸವಗಳನ್ನು ಮಾಡಿಯೂ ಫಲವಿಲ್ಲ. ಆದಕಾರಣ ರೇಡಿಯೋ ಮೂಲಕ ನಡೆಸುವ ಮಾದರಿ ವಿಮಾನವನ್ನು ಕಟ್ಟಿ ಹಾರಿಸುವ ಬಗೆಯನ್ನು ನಮ್ಮ ಮನೆಮಾತಿನಲ್ಲಿಯೇ ನಾಲ್ಕು ಮಾತುಗಳಲ್ಲಿ ನಿವೇದಿಸಲು ಇಚ್ಛಿಸುತ್ತೇವೆ.

ಈ ಅದಿಯಮಾನ್‌ಕೋಟೆ ಹಳೆಯ ಊರು. ಧರ್ಮಪುರಿಗೆ ತಗಡೂರೆಂಬ ಹೆಸರಿದ್ದ ಕಾಲದಲ್ಲಿ ಅದಿಯಮಾನರು ಆಳಿದ ಸೀಮೆಯಿದು. ಮುಂದೆ ನೊಳಂಬರು ಇಲ್ಲಿ ಆಳಿ ಕನ್ನಡ ಶಾಸನಗಳನ್ನು ಬಿಟ್ಟುಹೋದರು. ಇಲ್ಲಿಯ ಚೆನ್ನರಾಯ ಪೆರುಮಾಳ್ ದೇವಾಲಯದ ಚಾವಣಿಯ ವರ್ಣಚಿತ್ರಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ತಲೆಯೆತ್ತಿ ನೋಡುವ ಅಭ್ಯಾಸ ಈ ಊರಿನವರಿಗೆ ಹೊಸದಲ್ಲ. ಆಕಾಶದ ಕಡೆಗೂ ಅಷ್ಟೇ ಕುತೂಹಲದಿಂದ ನೋಡಿರೆಂಬುದೇ ನಮ್ಮ ಬಿನ್ನಹ.

ಆಟದ ವಿಮಾನವೆಂದು ಹಗುರವಾಗಿ ಕಾಣಬೇಕಾಗಿಲ್ಲ. 1871ರಲ್ಲಿ ಪ್ಯಾರಿಸ್ ನಗರದಲ್ಲಿ ಅಲ್ಫೋನ್ಸ್ ಪೆನೋ ಎಂಬ ತರುಣನು ತಿರುಚಿದ ರಬ್ಬರಿನ ಬಲದಿಂದ ಒಂದು ಪುಟ್ಟ ವಿಮಾನವನ್ನು 11 ಸೆಕೆಂಡುಗಳ ಕಾಲ ಹಾರಿಸಿ ತೋರಿಸಿದನು. ರಬ್ಬರಿನಿಂದ ಮೇಲೇರುವ ಅವನ ಇನ್ನೊಂದು ಆಟಿಕೆಯ ಮಾದರಿಯನ್ನು 1878ರಲ್ಲಿ ಅಮೆರಿಕದ ಒಬ್ಬ ತಂದೆ ತನ್ನ ಇಬ್ಬರು ಗಂಡುಮಕ್ಕಳಿಗೆ ತಂದುಕೊಟ್ಟನು. ಆ ಮಕ್ಕಳೇ ರೈಟ್ ಸಹೋದರರು. 1903ರ ಡಿಸೆಂಬರ್ 17ರಂದು ಅವರ ವಿಮಾನವು ಮೊದಲ ಬಾರಿಗೆ 12 ಸೆಕೆಂಡುಗಳ ಕಾಲ ಮನುಷ್ಯನನ್ನು ಹೊತ್ತು ಹಾರಿತು. ಹನ್ನೆರಡು ಸೆಕೆಂಡುಗಳ ಆ ಹಾರಾಟಕ್ಕೆ ಬೀಜ ಬಿದ್ದದ್ದು ಆಟಿಕೆಯಲ್ಲಿ. ತಂತಿಯಿಲ್ಲದೆ ದೂರದಿಂದ ಯಂತ್ರವನ್ನು ನಡೆಸಬಹುದೆಂಬುದನ್ನು ನಿಕೋಲಾ ಟೆಸ್ಲಾ 1898ರಲ್ಲಿಯೇ ಒಂದು ಚಿಕ್ಕ ದೋಣಿಯಿಂದ ತೋರಿಸಿದ್ದನು. 1937ರ ವೇಳೆಗೆ ಅಮೆರಿಕದ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅಣ್ಣತಮ್ಮಂದಿರು ಅದೇ ತತ್ತ್ವದಿಂದ ಮಾದರಿ ವಿಮಾನವನ್ನು ಹಾರಿಸಿದರು.

ನಮ್ಮ ನೆರೆಯ ಬೆಂಗಳೂರಂತೂ ವಿಮಾನಗಳ ತವರು. ಅಲ್ಲಿ 1940ರಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಹುಟ್ಟಿತು. ಡಾಕ್ಟರ್ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ವಿಮಾನವು 1951ರ ಆಗಸ್ಟಿನಲ್ಲಿ ಮೇಲೇರಿತು. ಚಾಲಕನಿಲ್ಲದೆ ನೆಲದಿಂದ ನಡೆಸುವ ‘ಲಕ್ಷ್ಯ’ ವಿಮಾನವನ್ನು ರೂಪಿಸಿದ್ದೂ ಆ ನಗರದ ವಿಜ್ಞಾನಿಗಳೇ. ಇನ್ನೂ ಹತ್ತಿರದಲ್ಲಿ, ಹೊಸೂರಿನ ಬಳಿಯ ಬೆಳಗೊಂಡಪಳ್ಳಿಯಲ್ಲಿ, ಸಣ್ಣ ವಿಮಾನಗಳನ್ನು ಕಟ್ಟಿದ ಕಾರ್ಖಾನೆಯೂ ಅದರದೇ ಓಡುದಾರಿಯೂ ಇವೆ. ಹೊಸೂರಿನಿಂದ ರಾಯಕೋಟೆಯ ಮೇಲೆ ಬರುವ ಹೆದ್ದಾರಿ ನಮ್ಮೂರಿಗೇ ಬಂದು ಮುಟ್ಟುತ್ತದೆ. ದಾರಿ ಇಷ್ಟು ಹತ್ತಿರವಿರುವಾಗ ನಮ್ಮ ಮಕ್ಕಳ ಮನಸ್ಸು ದೂರವಿರಬೇಕೆ?

ಇನ್ನು ಕಟ್ಟುವ ಕ್ರಮ. ಮೊದಲ ವಿಮಾನಕ್ಕೆ ರೆಕ್ಕೆಯ ತುದಿಯಿಂದ ತುದಿಗೆ ಒಂದು ಮೀಟರ್ ಉದ್ದ, 18 ಸೆಂಟಿಮೀಟರ್ ಅಗಲವಿದ್ದರೆ ಸಾಕು. ತೂಕ ಎಲ್ಲವೂ ಸೇರಿ 700 ಗ್ರಾಮಿನೊಳಗಿರಲಿ. ರೆಕ್ಕೆ ಒಡಲಿನ ಮೇಲ್ಗಡೆ ಕೂತಿದ್ದು, ಅದರ ತುದಿಗಳು ತುಸು ಮೇಲಕ್ಕೆ ಬಾಗಿದ್ದರೆ ವಿಮಾನ ತಾನಾಗಿಯೇ ಸಮತೋಲಕ್ಕೆ ಮರಳುತ್ತದೆ. ಹಗುರವಾದ ಫೋಮ್ ಹಾಳೆಯನ್ನು ಕತ್ತರಿಸಿ, ರೆಕ್ಕೆಯೊಳಗೆ ನಯವಾಗಿ ಸೀಳಿದ ಬಿದಿರಿನ ಕಡ್ಡಿಯನ್ನು ಬೆನ್ನೆಲುಬಿನಂತೆ ಕೂಡಿಸಬಹುದು. ಕೊಳ್ಳಬೇಕಾದ ಸಾಮಗ್ರಿಗಳೆಂದರೆ ಮೋಟಾರು, ಅದರ ವೇಗವನ್ನು ಹತೋಟಿಯಲ್ಲಿಡುವ ಇ.ಎಸ್.ಸಿ., ಬ್ಯಾಟರಿ, ಸರ್ವೋ ಎಂಬ ಪುಟ್ಟ ಕೈಗಳು, ವಿಮಾನದೊಳಗಿನ ರಿಸೀವರು, ನಮ್ಮ ಕೈಯಲ್ಲಿರುವ ಟ್ರಾನ್ಸ್‌ಮಿಟರು. ನಾವು ಕಡ್ಡಿಯನ್ನು ಸರಿಸಿದಂತೆ ಟ್ರಾನ್ಸ್‌ಮಿಟರು ಸಂಕೇತವನ್ನು ಕಳುಹಿಸುತ್ತದೆ, ರಿಸೀವರು ಅದನ್ನು ಗ್ರಹಿಸುತ್ತದೆ, ಸರ್ವೋ ಆಜ್ಞೆಯನ್ನು ನೆರವೇರಿಸುತ್ತದೆ. ರೆಕ್ಕೆಯ ಹಿಂದಂಚಿನ ಏಲೆರಾನ್ ವಿಮಾನವನ್ನು ಪಕ್ಕಕ್ಕೆ ವಾಲಿಸುತ್ತದೆ. ಬಾಲದ ಅಡ್ಡಹಲಗೆಯ ಎಲಿವೇಟರ್ ಮೂತಿಯನ್ನು ಏರಿಸಿ ಇಳಿಸುತ್ತದೆ. ನಿಂತ ಹಲಗೆಯ ರಡರ್ ಎಡಬಲಕ್ಕೆ ತಿರುಗಿಸುತ್ತದೆ.

ಬ್ಯಾಟರಿಯ ವಿಷಯದಲ್ಲಿ ತಾಯಂದಿರು ಕಟ್ಟುನಿಟ್ಟಾಗಿರಬೇಕು. ಲಿಥಿಯಂ ಬ್ಯಾಟರಿಯ ಒಂದೊಂದು ಕೋಶವನ್ನೂ 4.2 ವೋಲ್ಟಿಗಿಂತ ಮೇಲೆ ತುಂಬಬಾರದು. ಅದಕ್ಕೆಂದೇ ಇರುವ ಚಾರ್ಜರಿನಿಂದ, ದೊಡ್ಡವರು ಎದುರಿಗಿದ್ದಾಗ ಮಾತ್ರ ತುಂಬಬೇಕು. ಉಬ್ಬಿಕೊಂಡ ಬ್ಯಾಟರಿಯನ್ನು ಮತ್ತೆ ಬಳಸಕೂಡದು, ಅದು ಹೊತ್ತಿಕೊಳ್ಳಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ತೂಕದ ಸಮತೋಲ. ಕಳೆದ ಸುಗ್ಗಿಯ ಸಮಯದಲ್ಲಿ ನಮ್ಮ ಮಕ್ಕಳು ವಿಮಾನವೊಂದನ್ನು ಕಟ್ಟಿ ಮುಗಿಸಿ, ಇನ್ನೇನು ಹಾರಿಸಬೇಕೆಂದು ಕಾತರಿಸುತ್ತಿದ್ದರು. ಗುರುತ್ವಕೇಂದ್ರವು ರೆಕ್ಕೆಯ ಮುಂದಂಚಿನಿಂದ ಅಗಲದ ಕಾಲುಭಾಗಕ್ಕೋ ಅದಕ್ಕಿಂತ ತುಸು ಹಿಂದಕ್ಕೋ, ಎಂದರೆ ಸುಮಾರು ಐದು ಸೆಂಟಿಮೀಟರಿನಲ್ಲಿ, ಇರಬೇಕೆಂದು ನಾವು ವಿವರಿಸಿದೆವು. ಮಕ್ಕಳು ತಲೆಯಾಡಿಸಿದರೂ ಅರ್ಥವಾದಂತೆ ಕಾಣಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ವಿಮಾನವನ್ನು ಎರಡು ಬೆರಳುಗಳ ಮೇಲೆ ಎತ್ತಿ ನೋಡಿ, “ಹಿಂಭಾರ ಆಗಿದೆಯಪ್ಪ” ಎಂದರು. ಜೀವಮಾನವಿಡೀ ಎತ್ತಿನ ಗಾಡಿ ಹೊಡೆದವರು ಅವರು. ಗಾಡಿಗೆ ಹೇರು ಹಾಕುವಾಗ ತುಸು ಮುಂಭಾರವಿದ್ದರೆ ಎತ್ತು ಹೇಗೋ ಎಳೆದೀತು. ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳ ಹಗ್ಗವೇ ಎತ್ತಿಗೆ ಉರುಳಾಗುತ್ತದೆಂದು ಅವರು ತಿಳಿಯಹೇಳಿದರು. “ಹಾಗಾದರೆ ಬ್ಯಾಟರಿಯನ್ನು ಮುಂದಕ್ಕೆ ಸರಿಸಬೇಕು, ಅಲ್ಲವೇ ತಾತ?” ಎಂದಳು ಎಂಟನೆಯ ತರಗತಿಯ ಹುಡುಗಿ. ಬ್ಯಾಟರಿ ಮುಂದಕ್ಕೆ ಸರಿಯಿತು. ಮೂತಿ ಕೂದಲೆಳೆಯಷ್ಟು ಬಾಗಿ ವಿಮಾನ ಬೆರಳಿನ ಮೇಲೆ ನಿಂತಿತು. ವಿಮಾನಶಾಸ್ತ್ರದ ನಿಯಮವೂ ಇದೇ. ಮುಂಭಾರದ ವಿಮಾನ ಮಂದವಾಗಿ ಹಾರುತ್ತದೆ. ಹಿಂಭಾರದ ವಿಮಾನ ಹತೋಟಿಗೆ ಸಿಕ್ಕದೆ ಬೀಳುತ್ತದೆ. ತಾತನ ಬಾಯಲ್ಲಿದ್ದ ಆ ಮಾತು ಯಾವ ಶಾಸ್ತ್ರಕ್ಕಾದರೂ ಸಲ್ಲುವಂಥದು!

ಹಾರಿಸುವ ಮುನ್ನ ಮಾಡಬೇಕಾದ ಪರೀಕ್ಷೆಗಳು ಇನ್ನೂ ಉಂಟು. ಮೊದಲು ಟ್ರಾನ್ಸ್‌ಮಿಟರನ್ನು ಚಾಲೂ ಮಾಡಿ ಆಮೇಲೆ ಬ್ಯಾಟರಿಯನ್ನು ಜೋಡಿಸಬೇಕು. ಮುಗಿಸುವಾಗ ಮೊದಲು ಬ್ಯಾಟರಿ, ಆಮೇಲೆ ಟ್ರಾನ್ಸ್‌ಮಿಟರು. ವಿಮಾನದ ಹಿಂದೆ ನಿಂತು ಕಡ್ಡಿಯನ್ನು ಬಲಕ್ಕೆ ಸರಿಸಿದರೆ ಬಲ ಏಲೆರಾನ್ ಮೇಲೇಳಬೇಕು, ಎಡದ್ದು ಇಳಿಯಬೇಕು. ಕಡ್ಡಿಯನ್ನು ನಮ್ಮತ್ತ ಎಳೆದರೆ ಎಲಿವೇಟರ್ ಮೇಲೇಳಬೇಕು. ಸಂಕೇತ ತಪ್ಪಿದ ಕ್ಷಣದಲ್ಲಿ ಮೋಟಾರು ತಾನಾಗಿ ನಿಲ್ಲುವಂತೆ ಅಣಿಮಾಡಿ, ಅದನ್ನು ಪ್ರೊಪೆಲ್ಲರ್ ತೆಗೆದಿಟ್ಟು ಪರೀಕ್ಷಿಸಬೇಕು. ತಿರುಗುವ ಪ್ರೊಪೆಲ್ಲರ್ ಬೆರಳನ್ನು ಕತ್ತರಿಸಬಲ್ಲ ಕತ್ತಿಯೆಂಬುದನ್ನು ಯಾರೂ ಮರೆಯಬಾರದು.

ಸ್ಥಳದ ಆಯ್ಕೆಯೂ ಅಷ್ಟೇ ಮುಖ್ಯ. ಹೆದ್ದಾರಿ, ವಿದ್ಯುತ್ ತಂತಿ, ಜನ, ದನಕರುಗಳಿಂದ ದೂರವಾದ, ರಾಗಿ ಕೊಯ್ದ ಬಯಲು ಒಳ್ಳೆಯದು. ಹೊಲದ ಒಡೆಯರ ಒಪ್ಪಿಗೆ ಇರಲೇಬೇಕು. 2021ರ ಡ್ರೋನ್ ನಿಯಮಗಳಲ್ಲಿ ಮಾದರಿ ವಿಮಾನಗಳ ಪ್ರಸ್ತಾಪವೂ ಇದೆ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ತಮ್ಮ ಸ್ಥಳ ಹಸಿರು ವಲಯದಲ್ಲಿದೆಯೇ ಎಂದು ನೋಡಿಕೊಂಡು, ನೋಂದಣಿಯೇ ಮೊದಲಾದ ವಿಧಿಗಳನ್ನು ವಿಚಾರಿಸಿಕೊಂಡು, ವಿಮಾನವನ್ನು ಕಣ್ಣಳತೆಯಲ್ಲಿಯೇ ಹಾರಿಸತಕ್ಕದ್ದು. ಹಸಿರು ವಲಯದ ಮಿತಿ 400 ಅಡಿ. ಮೊದಲ ಹಾರಾಟಕ್ಕೆ ನೂರಡಿಯೇ ಧಾರಾಳ.

ಆ ಮೊದಲ ಹಾರಾಟದ ಬೆಳಗ್ಗೆ ಬಿಸಿಲೇರುವ ಮುಂಚೆಯೇ ಮಕ್ಕಳೂ ಹಿರಿಯರೂ ಬಯಲಿನಲ್ಲಿ ಸೇರಿದ್ದರು. ನೆಲ ಕಾದ ಮೇಲೆ ಗಾಳಿ ಅಲ್ಲೋಲಕಲ್ಲೋಲವಾಗುವುದರಿಂದ ಮುಂಜಾನೆಯೇ ಪ್ರಶಸ್ತ. ಒಂದು ಚಿಟಿಕೆ ಮಣ್ಣನ್ನು ತೂರಿ ಗಾಳಿಯ ದಿಕ್ಕನ್ನು ತಿಳಿದುಕೊಂಡರು. ಗಾಳಿಗೆ ಎದುರಾಗಿ, ಮೂತಿಯನ್ನು ಮೇಲೆತ್ತದೆ, ನೆಲಕ್ಕೆ ಸಮನಾಗಿ ವಿಮಾನವನ್ನು ತೂರಬೇಕು. ಮೇಲ್ಮೊಗವಾಗಿ ತೂರಿದರೆ ಅದು ವೇಗ ಕಳೆದುಕೊಂಡು ಕುಸಿಯುತ್ತದೆ. ಒಬ್ಬ ಹುಡುಗ ತೂರಿದ. ಆ ಹುಡುಗಿಯ ಬೆರಳುಗಳು ಕಡ್ಡಿಯ ಮೇಲಿದ್ದವು. ಮೂರು ತಿಂಗಳ ದುಡಿಮೆ, ನಾಲ್ಕಾರು ಮನೆಗಳವರು ಕೂಡಿಟ್ಟ ಹಣ, ಎಲ್ಲವೂ ಆ ಒಂದು ಕೈಬಿಡುವಿಕೆಯಲ್ಲಿತ್ತು. ವಿಮಾನ ಒಮ್ಮೆ ತಗ್ಗಿ, ಎಡಕ್ಕೆ ವಾಲಿ, ಮತ್ತೆ ಚೇತರಿಸಿಕೊಂಡು ಮೇಲೇರಿತು. ಎತ್ತರದಲ್ಲಿ ಅವಳು ಟ್ರಿಮ್ ಗುಂಡಿಯನ್ನು ಎರಡು ಸಲ ಬಲಕ್ಕೆ ಒತ್ತಿದಳು, ವಾಲುವಿಕೆ ನಿಂತಿತು. ವಿಮಾನ ನಮ್ಮತ್ತ ಬರುವಾಗ ಎಡಬಲಗಳು ತಿರುವುಮುರುವಾಗಿ ತೋರುತ್ತವೆ. ಆಗ ತಗ್ಗಿದ ರೆಕ್ಕೆ ಯಾವ ಕಡೆಗೆ ಕಾಣುವುದೋ ಆ ಕಡೆಗೇ ಕಡ್ಡಿಯನ್ನು ಸರಿಸಬೇಕೆಂಬ ಸೂತ್ರವನ್ನು ಅವಳು ಬಾಯಲ್ಲಿ ಜಪಿಸುತ್ತಿದ್ದಳು, ಕನ್ನಡದಲ್ಲಿ! ನಾಲ್ಕು ನಿಮಿಷಗಳಾಗುತ್ತಲೇ ಮೋಟಾರನ್ನು ತಗ್ಗಿಸಿ, ಗಾಳಿಗೆದುರಾಗಿ ತೇಲಿಸಿ, ನೆಲ ಮುಟ್ಟುವ ಮುನ್ನ ಮೂತಿಯನ್ನು ತುಸು ಎತ್ತಿ ಕೂಳೆಯ ಮೇಲೆ ಇಳಿಸಿದಳು. ನೆರೆದಿದ್ದ ತಮಿಳು ಮನೆಗಳ ಮಕ್ಕಳು ಓಡಿಬಂದು, ಅದು ಹೇಗೆ ಹಾರಿತೆಂದು ಕೇಳಿದರು. ಅವಳು ಅವರಿಗೆ ಅವರ ಮಾತಿನಲ್ಲಿಯೇ ವಿವರಿಸಿದಳು. ಒಂದು ಭಾಷೆಯಲ್ಲಿ ಸರಿಯಾಗಿ ತಿಳಿದದ್ದನ್ನು ಇನ್ನೊಂದರಲ್ಲಿ ಹೇಳುವುದು ಕಷ್ಟವಲ್ಲವಷ್ಟೆ.

ಮಹನೀಯರೇ, ನಮ್ಮ ಕೋರಿಕೆಗಳು ಮೂರು. ಸಂಘದ ಪುಸ್ತಕಭಂಡಾರದಲ್ಲಿ ಕನ್ನಡದ ವಿಜ್ಞಾನ ಪುಸ್ತಕಗಳಿಗೆ ಒಂದು ಬೀರುವಿರಲಿ. ಹತ್ತಾರು ಮಕ್ಕಳು ಸೇರಿ ಬಳಸುವಂತೆ ಒಂದು ಟ್ರಾನ್ಸ್‌ಮಿಟರನ್ನೂ ಒಂದು ಚಾರ್ಜರನ್ನೂ ಸಂಘವೇ ಕೊಂಡಿಡಲಿ. ಬಡವರ ಮಕ್ಕಳು ದೂರ ನಿಂತು ನೋಡುವಂತಾಗಬಾರದು. ಮತ್ತು ಹೆಣ್ಣುಮಕ್ಕಳನ್ನು ಬಯಲಿಗೆ ಕಳುಹಿಸಲು ತಂದೆತಾಯಿಗಳು ಹಿಂಜರಿಯದಿರಲಿ. ವಿಮಾನ ಒಮ್ಮೊಮ್ಮೆ ಬೀಳುತ್ತದೆ. ಮುರಿದ ರೆಕ್ಕೆಯನ್ನು ಅಂಟಿಸಿ ಮತ್ತೆ ಹಾರಿಸಬಹುದು. ತನ್ನ ನುಡಿಯಲ್ಲಿ ಯೋಚಿಸುವ ಧೈರ್ಯ ಮಾತ್ರ ಮಕ್ಕಳಲ್ಲಿ ಮುರಿಯದಂತೆ ನೋಡಿಕೊಳ್ಳೋಣ.