ಕೋರ್ಟಿನ ಬಾಗಿಲು ಮೊಬೈಲಿನಲ್ಲಿ, ಮೊಬೈಲು ಯಾರ ಕೈಯಲ್ಲಿ?

(ಕುಂಭಾಶಿಯಲ್ಲಿ ಸೇರಿದ್ದ ಮಹಿಳಾ ಸ್ವಸಹಾಯ ಗುಂಪುಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಇವತ್ತು ಸಂಕಷ್ಟಿ ಅಲ್ಲ. ಆನೆಗುಡ್ಡೆಯ ರಸ್ತೆಯಲ್ಲಿ ಜನಜಂಗುಳಿ ಇಲ್ಲ, ಹಾಗಾಗಿ ನಾನೂ ಹೊತ್ತಿಗೆ ಸರಿಯಾಗಿ ಬಂದು ಮುಟ್ಟಿದೆ. ಉಳಿತಾಯದ ಪುಸ್ತಕ, ಸಾಲದ ಕಂತು ಎಲ್ಲ ಮುಗಿಸಿ ನನಗಾಗಿ ಇಷ್ಟು ಹೊತ್ತು ಕಾದು ಕೂತಿದ್ದೀರಿ. ಸಂಜೆಯ ಅಡುಗೆ ಕೆಲಸ ಮನೆಯಲ್ಲಿ ಹಾಗೇ ಉಳಿದಿದೆ ಎಂದು ನನಗೆ ಗೊತ್ತು. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಹೋದ ಸಲದ ಸಭೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಕೇಳಿದ್ದರು, "ಅಕ್ಕ, ಈಗ ಕೋರ್ಟಿಗ್ ಹೋಪುದೇ ಬ್ಯಾಡ, ಮೊಬೈಲಲ್ಲೇ ಕೇಸ್ ಹಾಕುಕ್ ಆತ್ ಅಂಬ್ರ್, ಹೌದಾ?" ಅರ್ಧ ಹೌದು, ಅರ್ಧ ಅಲ್ಲ. ಆ ಎರಡೂ ಅರ್ಧವನ್ನು ಹೇಳುವುದಕ್ಕೇ ಇವತ್ತು ಬಂದಿದ್ದೇನೆ.

1961ರಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆ ಬಂತು. 1983ರಲ್ಲಿ ದಂಡಸಂಹಿತೆಗೆ 498ಎ ಸೇರಿತು. 2024ರ ಜುಲೈ 1ರಿಂದ ಅದೇ ವಿಷಯ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ. 2005ರಲ್ಲಿ ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ಕೊಡುವ ಕಾಯ್ದೆ ಆಯಿತು, 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಇವು ಯಾವುದೂ ತಾನಾಗಿ ಉದುರಿ ಬಿದ್ದ ಕಾನೂನುಗಳಲ್ಲ, 1983ರದ್ದೂ ಅದರ ಆಮೇಲಿನವೂ ಸುಟ್ಟು ಸತ್ತ ಹೆಣ್ಣುಮಕ್ಕಳ ಹೆಸರು ಹಿಡಿದು ಹೆಂಗಸರು ಬೀದಿಗಿಳಿದ ಮೇಲೆ ಬಂದವು. ಆದರೆ ಕಾನೂನು ಬಂದರೂ ಕೋರ್ಟಿನ ಮೆಟ್ಟಿಲು ತಗ್ಗಲಿಲ್ಲ. ಗೋಡಂಬಿ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು ಒಂದು ಅರ್ಜಿ ಹಾಕಲು ಎರಡು ದಿನದ ಕೂಲಿ ಕಳೆದುಕೊಂಡು ಕುಂದಾಪುರಕ್ಕೆ ಹೋಗಿ, ಯಾರ ಮುಖ ನೋಡಬೇಕೆಂದು ತಿಳಿಯದೆ ಬೇವಿನ ಮರದ ಬುಡದಲ್ಲಿ ನಿಂತು ಬಂದದ್ದನ್ನು ನಾವು ಕಂಡಿದ್ದೇವೆ.

ಕೋರ್ಟುಗಳನ್ನು ಕಂಪ್ಯೂಟರಿಗೆ ಹಾಕುವ ಇ-ಕೋರ್ಟ್ ಯೋಜನೆ 2007ರಲ್ಲಿ ಶುರುವಾಯಿತು. ಅದರ ಮೂರನೆಯ ಹಂತಕ್ಕೆ ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ 7,210 ಕೋಟಿ ರೂಪಾಯಿ ಮಂಜೂರು ಮಾಡಿತು. ಬೆಂಕಿಪೆಟ್ಟಿಗೆ ಕೊಂಡರೂ ನಾವು ತೆರಿಗೆ ಕಟ್ಟುತ್ತೇವೆ, ಆದ್ದರಿಂದ ಇದು ನಮ್ಮ ಹಣವೂ ಹೌದು. ಇದರಲ್ಲಿ ಒಂದು ಭಾಗ ಇ-ಫೈಲಿಂಗ್, ಅಂದರೆ ಕಾಗದದ ಕಟ್ಟು ಹೊತ್ತುಕೊಂಡು ಹೋಗದೆ ಅರ್ಜಿಯನ್ನು ಕಂಪ್ಯೂಟರಿನ ಮೂಲಕ ಕೋರ್ಟಿಗೆ ಕಳಿಸುವುದು.

ಇದರ ಒಳಗೆ ಹೋಗಲು ಎಲ್ಲರಿಗೂ ಒಂದೇ ಬಾಗಿಲಲ್ಲ. ವಕೀಲರು ತಮ್ಮ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆ ಕೊಟ್ಟು ಖಾತೆ ತೆರೆಯುತ್ತಾರೆ. ವಕೀಲರಿಲ್ಲದೆ ತಾನೇ ವಾದಿಸುತ್ತೇನೆ ಎನ್ನುವ ಕಕ್ಷಿದಾರಳು ತನ್ನ ಗುರುತಿನ ಚೀಟಿ, ಮೊಬೈಲ್ ನಂಬರ್, ಇ-ಮೇಲ್ ಕೊಟ್ಟು ಬೇರೆ ಖಾತೆ ತೆರೆಯಬೇಕು. ಮೊಬೈಲಿಗೂ ಇ-ಮೇಲಿಗೂ ಒಂದೊಂದು ಗುಟ್ಟಿನ ಸಂಖ್ಯೆ ಬರುತ್ತದೆ, ಅದೇ ಓಟಿಪಿ. ಅದನ್ನು ಹಾಕಿದ ಮೇಲೆ ರಾಜ್ಯ, ಜಿಲ್ಲೆ, ಯಾವ ಊರಿನ ಕೋರ್ಟು ಎಂದು ಆರಿಸಿ, ಅರ್ಜಿದಾರಳು ಯಾರು, ಎದುರುದಾರರು ಯಾರು, ಯಾವ ಕಾಯ್ದೆ ಎಂದು ತುಂಬಿ, ಅರ್ಜಿ ಮತ್ತು ದಾಖಲೆಗಳನ್ನು ಪಿಡಿಎಫ್ ಮಾಡಿ ಏರಿಸುವುದು, ಸಹಿ ಮಾಡುವುದು, ಕಳಿಸುವುದು. ಪರದೆಯ ಮೇಲೆ ಇಂಗ್ಲಿಷ್ ಕಂಡು ಹೆದರಬೇಡಿ. ಅರ್ಜಿಯನ್ನು ಕನ್ನಡದಲ್ಲಿ ಬರೆಯಬಹುದು.

ಕಳಿಸಿದ ಕೂಡಲೇ ಕೇಸು ಆಯಿತೆಂದು ತಿಳಿಯಬೇಡಿ. ಮೊದಲು ಸಿಗುವುದು ಇ-ಫೈಲಿಂಗ್ ಸಂಖ್ಯೆ, ಅದು ನಾವು ಅರ್ಜಿ ಕೊಟ್ಟದ್ದಕ್ಕೆ ರಸೀದಿ ಇದ್ದ ಹಾಗೆ. ಆ ಮೇಲೆ ಕೋರ್ಟಿನ ಸಿಬ್ಬಂದಿ ಪರಿಶೀಲಿಸುತ್ತಾರೆ. ಪುಟ ಮಸುಕಾಗಿದೆ, ಸಹಿ ಇಲ್ಲ, ಪ್ರಮಾಣಪತ್ರ ಇಲ್ಲ ಎಂದರೆ ಹಿಂದಕ್ಕೆ ಬರುತ್ತದೆ. ಸರಿಮಾಡಿ ಮತ್ತೆ ಕಳಿಸಬೇಕು. ಎಲ್ಲ ಸರಿಯಿದ್ದು ದಾಖಲಾದ ಮೇಲೆ ಸಿಗುವುದು ಸಿಎನ್ಆರ್ ಸಂಖ್ಯೆ. ಒಟ್ಟು 16 ಅಕ್ಷರ-ಅಂಕಿಗಳು. ಮೊದಲಿಗೆ ಕರ್ನಾಟಕದ ಗುರುತು, ಕೊನೆಯ ನಾಲ್ಕು ಅಂಕಿ ಇಸವಿ. ಇದೇ ನಿಮ್ಮ ಕೇಸಿನ ಜಾತಕ. ಉಳಿತಾಯದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ. 'ಇ-ಕೋರ್ಟ್ಸ್ ಸರ್ವಿಸಸ್' ಎಂಬ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಮುಂದಿನ ತಾರೀಕು ಯಾವಾಗ, ಹಿಂದಿನ ಸಲ ಏನಾಯಿತು ಎಂದು ಯಾರನ್ನೂ ಗೋಗರೆಯದೆ ನೀವೇ ನೋಡಬಹುದು. ನನ್ನ ಮಟ್ಟಿಗೆ ಈ ಇಡೀ ವ್ಯವಸ್ಥೆಯಲ್ಲಿ ನಮ್ಮ ಹೆಂಗಸರಿಗೆ ದೊಡ್ಡ ಲಾಭ ಇದೇ. "ತಾರೀಕು ಯಾವಾಗ?" ಎಂದು ಕೇಳಲು ಹೋಗಿ ಬರುವುದರಲ್ಲೇ ಎಷ್ಟು ಜನರ ಛಲ ಸೋತಿಲ್ಲ!

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ.

ನಮ್ಮ ಕಡೆಯ ಒಬ್ಬ ತಂಗಿ. ಗಂಡ ಬೆಂಗಳೂರಿನಲ್ಲಿ ಹೋಟೆಲು ಕೆಲಸ. ಧಾರೆಯ ದಿನ ಹಾಕಿದ ಬಂಗಾರ ಸಾಲಲಿಲ್ಲ, ಸ್ವಂತ ಹೋಟೆಲು ಹಾಕಲು ತವರಿನಿಂದ ಹಣ ತಾ ಎಂದು ಹೊಡೆತ. ಮಗುವನ್ನು ಎತ್ತಿಕೊಂಡು ತಾಯಿಮನೆಗೆ ಬಂದಳು. ನಾನು ಆಗಷ್ಟೇ ಈ ಇ-ಫೈಲಿಂಗ್ ಕಲಿತ ಉತ್ಸಾಹದಲ್ಲಿದ್ದೆ. "ಬಾ, ಇಲ್ಲೇ ಕೂತು ಹಾಕಿಬಿಡುವ" ಎಂದೆ. ಅರ್ಜಿ ಬರೆದೆವು, ಏರಿಸಿದೆವು. ಸಹಿಯ ಹೊತ್ತಿಗೆ ಆಧಾರ್ ಸಂಖ್ಯೆ ಹಾಕಿ ಒತ್ತಿದೆ. ಓಟಿಪಿಗೆ ಕಾದೆವು. ಅವಳ ಮೊಬೈಲಿಗೆ ಏನೂ ಬರಲಿಲ್ಲ. ಎರಡನೇ ಸಲ ಒತ್ತಿದೆ. ಐದು ನಿಮಿಷ ಕಳೆಯಲಿಲ್ಲ, ಬೆಂಗಳೂರಿನಿಂದ ಫೋನು: "ನಿನ್ನ ಆಧಾರ್ ಹಿಡ್ಕೊಂಡು ಎಂತ ಮಾಡ್ತಾ ಇದ್ದಿ?" ಮದುವೆಯಾದ ವರ್ಷ ಅವಳ ಆಧಾರ್ ಕಾರ್ಡಿಗೆ ಗಂಡ ತನ್ನ ನಂಬರನ್ನೇ ಕೊಟ್ಟಿದ್ದ. ನಾನು ಕೇಳಲಿಲ್ಲ, ಅವಳಿಗೆ ನೆನಪಿರಲಿಲ್ಲ. ಮರುದಿನ ಬೆಳಿಗ್ಗೆ ಹೊತ್ತಿಗೆ ಅತ್ತೆಮನೆಯ ಕಪಾಟಿನಲ್ಲಿದ್ದ ಅವಳ ಬಂಗಾರ ಅಲ್ಲಿರಲಿಲ್ಲ. ಅರ್ಜಿ ಆಮೇಲೆ ವಕೀಲರ ಮೂಲಕ ದಾಖಲಾಯಿತು, ಜೀವನಾಂಶದ ಮಧ್ಯಂತರ ಆದೇಶವೂ ಆಯಿತು. ಬಂಗಾರದ ಮಾತು ಮಾತ್ರ ಇನ್ನೂ ಎಳೆಯುತ್ತಿದೆ. ಆ ಹುಡುಗಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚುತ್ತದೆ.

ಆದ್ದರಿಂದ ಕೇಳುತ್ತೇನೆ, ಇಲ್ಲಿ ಕೂತವರಲ್ಲಿ ಯಾರ್ಯಾರ ಆಧಾರಿಗೆ ಸೇರಿಸಿದ ನಂಬರು ತಮ್ಮ ಕೈಯಲ್ಲಿರುವ ಮೊಬೈಲಿನದ್ದೇ? ಕೈ ಎತ್ತಿ. ನೋಡಿ, ಅರ್ಧಕ್ಕಿಂತ ಕಮ್ಮಿ. ಉಳಿದವರದ್ದು ಗಂಡನ ಬಳಿ, ಮಗನ ಬಳಿ, ಕೆಲವರದ್ದು ಯಾವುದೋ ಕಾಲದಲ್ಲಿ ಬಂದಾದ ಸಿಮ್ಮು. ಜಗಳ ಇರಲಿ, ಇಲ್ಲದಿರಲಿ, ಆಧಾರ್ ಕೇಂದ್ರಕ್ಕೆ ಹೋಗಿ ನಿಮ್ಮ ನಂಬರು ಸೇರಿಸಿಕೊಳ್ಳಿ. ಸಿಮ್ಮು ನಿಮ್ಮ ಹೆಸರಲ್ಲೇ ಇರಲಿ. ಗುಂಪಿನ ಸಾಲಕ್ಕೂ ಬ್ಯಾಂಕಿಗೂ ಬೇಕಾಗುತ್ತದೆ ಎಂದರೆ ಮನೆಯಲ್ಲಿ ಯಾರೂ ಅನುಮಾನಪಡುವುದಿಲ್ಲ. ಆಧಾರ್ ಸಹಿ ಆಗದಿದ್ದರೆ, ಶಾಯಿಯಲ್ಲಿ ಸಹಿ ಮಾಡಿದ ಅರ್ಜಿಯನ್ನು ಸ್ಕ್ಯಾನ್ ಮಾಡಿ ಏರಿಸಬಹುದೇ ಎಂದು ಕೋರ್ಟಿನಲ್ಲಿ ಕೇಳಿಕೊಳ್ಳಿ.

ಇ-ಮೇಲಿನ ಮಾತೂ ಹಾಗೆಯೇ. ಮಗನ ಇ-ಮೇಲ್ ಕೊಡುವುದು, ಅಂಗಡಿಯವನದ್ದು ಕೊಡುವುದು ಬೇಡ. ಸೈಬರ್ ಅಂಗಡಿಯಲ್ಲಿ ಕೂತು ಅರ್ಜಿ ಏರಿಸಿದರೆ, ಅವನ ಕಂಪ್ಯೂಟರಿನಲ್ಲಿ ನಿಮ್ಮ ಕಣ್ಣೀರಿನ ಕತೆ ಪೂರ್ತಿ ಉಳಿದುಬಿಡುತ್ತದೆ. ಅಳಿಸಿ, ಖಾತೆಯಿಂದ ಹೊರಬಂದು, ಕಸದ ಬುಟ್ಟಿಯನ್ನೂ ಖಾಲಿ ಮಾಡಿಯೇ ಏಳಬೇಕು. ಊರು ಸಣ್ಣದು, ಬಾಯಿ ದೊಡ್ಡದು. ಇನ್ನೂ ಒಂದು: ಅರ್ಜಿಯ ಪ್ರತಿ ಎದುರುದಾರರಿಗೆ ಹೋಗಿಯೇ ಹೋಗುತ್ತದೆ. ಹೆದರಿ ಯಾರದ್ದೋ ಮನೆಯಲ್ಲಿ ಅಡಗಿರುವವಳು ಆ ಮನೆಯ ವಿಳಾಸವನ್ನು ಅದರಲ್ಲಿ ಬರೆಯುವ ಮುಂಚೆ ವಕೀಲರನ್ನು ಕೇಳಲಿ.

ಹಾಗಾದರೆ ನಮ್ಮಂಥವರು ಎಲ್ಲಿಂದ ಶುರು ಮಾಡಬೇಕು? ಒಬ್ಬರೇ ಮೊಬೈಲು ಹಿಡಿದು ಕೂರುವುದಕ್ಕಿಂತ, ಮೊದಲು ಕಾನೂನು ನೆರವು. 1987ರ ಕಾನೂನು ಸೇವೆಗಳ ಪ್ರಾಧಿಕಾರದ ಕಾಯ್ದೆಯಲ್ಲಿ ಹೆಣ್ಣು ಎಂಬ ಒಂದೇ ಕಾರಣಕ್ಕೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ, ಆದಾಯದ ಮಿತಿ ಹೆಂಗಸರಿಗಿಲ್ಲ. ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಅಥವಾ 15100ಕ್ಕೆ ಫೋನು ಮಾಡಿ. ಆಗ ಇ-ಫೈಲಿಂಗ್ ಆಗುವುದು ವಕೀಲರ ಖಾತೆಯಿಂದ. ನೀವು ಎರಡೇ ವಿಷಯ ಗಟ್ಟಿಯಾಗಿ ಕೇಳಬೇಕು: ಅರ್ಜಿದಾರಳ ಜಾಗದಲ್ಲಿ ನನ್ನ ನಂಬರು ಹಾಕಿ, ಸಿಎನ್ಆರ್ ಬಂದ ದಿನವೇ ನನಗೆ ಕೊಡಿ. ಇದನ್ನು ಕೇಳುವುದು ಅಧಿಕಪ್ರಸಂಗ ಅಲ್ಲ.

ತಾನೇ ಹಾಕಿಕೊಳ್ಳುವವಳಿಗೆ ಕೋರ್ಟಿನ ಇ-ಸೇವಾ ಕೇಂದ್ರಗಳಿವೆ. ಕಾಗದ ಸ್ಕ್ಯಾನ್ ಮಾಡುವುದು, ಇ-ಸಹಿಗೆ ಸಹಾಯ ಮಾಡುವುದು, ಅರ್ಜಿ ಏರಿಸುವುದು, ಮುಂದಿನ ತಾರೀಕು ಹೇಳುವುದು, ನಕಲಿಗೆ ಅರ್ಜಿ ಹಾಕಿಸುವುದು ಇವುಗಳ ಕೆಲಸ. ಆವರಣಕ್ಕೆ ಕಾಲಿಟ್ಟವರು ಮೊದಲು ಅದನ್ನೇ ವಿಚಾರಿಸಿ. "ನಾನು ಬೇಗ ಮಾಡಿಸಿಕೊಡುತ್ತೇನೆ" ಎಂದು ಗೇಟಿನಲ್ಲೇ ಕೈಹಿಡಿಯುವವರಿಗೆ ಓಟಿಪಿ ಹೇಳಬೇಡಿ.

ಮೂರನೆಯ ದಾರಿ ರಕ್ಷಣಾಧಿಕಾರಿ. ನಮ್ಮ ರಾಜ್ಯದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಆ ಕೆಲಸ ನೋಡುತ್ತಾರೆ; ಅಂಗನವಾಡಿ ಟೀಚರನ್ನು ಕೇಳಿದರೆ ಕಚೇರಿ ತೋರಿಸುತ್ತಾರೆ. ಅವರು ಹಿಂಸೆಯ ವರದಿಯನ್ನು ಬರೆದು ಮ್ಯಾಜಿಸ್ಟ್ರೇಟರಿಗೆ ಕೊಡುತ್ತಾರೆ. ವರದಿ ಇಲ್ಲವೆಂದು ನಿಮ್ಮ ಅರ್ಜಿ ನಿಲ್ಲಬೇಕಾಗಿಲ್ಲ, 2022ರಲ್ಲಿ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಾಗೆ ಹೇಳಿದೆ. ಇನ್ನೊಂದು ಮಾತು ನಮ್ಮ ಗುಂಪುಗಳಿಗೇ ಬರೆದ ಹಾಗಿದೆ. ಕಾಯ್ದೆಯ 12ನೇ ಕಲಮಿನ ಪ್ರಕಾರ ನೊಂದವಳೇ ಅರ್ಜಿ ಕೊಡಬೇಕೆಂದಿಲ್ಲ, ಅವಳ ಪರವಾಗಿ ಬೇರೆ ಯಾರಾದರೂ ಕೊಡಬಹುದು. ಮನೆಯಿಂದ ಹೊರಗೆ ಬಿಡದೆ ಇಟ್ಟ ಹೆಂಗಸಿಗೆ ಇದಕ್ಕಿಂತ ದೊಡ್ಡ ಆಸರೆ ಯಾವುದು?

ಗಂಡ ಬೆಂಗಳೂರು, ಮುಂಬಯಿ, ಗಲ್ಫಿನಲ್ಲಿದ್ದಾನೆ, ಕೇಸು ಅಲ್ಲಿ ಹಾಕಬೇಕಾ ಎಂದು ಕೇಳುತ್ತೀರಿ. ಬೇಡ. ಈ ಕಾಯ್ದೆಯಲ್ಲಿ ನೀವು ತಾತ್ಕಾಲಿಕವಾಗಿ ಉಳಿದುಕೊಂಡ ಊರಿನ ಮ್ಯಾಜಿಸ್ಟ್ರೇಟರ ಮುಂದೆಯೇ ಅರ್ಜಿ ಹಾಕಬಹುದು. ಕಂಪ್ಯೂಟರಿನಲ್ಲಿ ಊರು ಆರಿಸುವಾಗ ನೆನಪಿಡಿ, ಅವನಿರುವ ಊರಲ್ಲ, ನೀವಿರುವ ಊರು. ಮನೆ ಅತ್ತೆಮಾವನ ಹೆಸರಲ್ಲಿದ್ದರೂ, ಒಟ್ಟಿಗೆ ಬಾಳಿದ ಮನೆಯಾದರೆ ಅಲ್ಲಿ ಇರುವ ಹಕ್ಕು ಕೇಳಬಹುದು ಎಂದು 2020ರಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ತೀರ್ಪಾಗಿದೆ.

ದಾಖಲೆಗಳ ಬಗ್ಗೆ ಸ್ವಲ್ಪ. ಅರ್ಜಿಗೆ ಎರಡನೇ ನಮೂನೆ ಇದೆ, ತುರ್ತು ಮಧ್ಯಂತರ ಆದೇಶಕ್ಕೆ ಮೂರನೇ ನಮೂನೆಯ ಪ್ರಮಾಣಪತ್ರ. ಜೀವನಾಂಶ ಕೇಳುವುದಾದರೆ ಆಸ್ತಿ, ಆದಾಯ, ಖರ್ಚಿನ ಪ್ರಮಾಣಪತ್ರವೂ ಬೇಕು. 2020ರ ರಜನೇಶ್ ಪ್ರಕರಣದಿಂದ ಇದು ಎರಡೂ ಕಡೆಯವರಿಗೆ ಕಡ್ಡಾಯ. ನಿಮ್ಮ ಗುಂಪಿನ ಪುಸ್ತಕ ಇಲ್ಲಿ ಉಪಯೋಗಕ್ಕೆ ಬರುತ್ತದೆ, ಕಂತು ಎಷ್ಟು, ಕೂಲಿ ಎಷ್ಟು ಎಂಬುದಕ್ಕೆ ಅದೇ ಸಾಕ್ಷಿ. ಮದುವೆಯ ಫೋಟೊ, ಬಂಗಾರದ ಅಂಗಡಿಯ ಚೀಟಿ, ಆಸ್ಪತ್ರೆಯ ಚೀಟಿ ಎಲ್ಲವನ್ನೂ ಬೆಳಕಿನಲ್ಲಿ ಚೊಕ್ಕವಾಗಿ ತೆಗೆದು ಗುಂಪಿನ ನಂಬಿಗಸ್ತೆಯೊಬ್ಬಳ ಬಳಿ ಒಂದು ಪ್ರತಿ ಇಡಿ. ಸ್ತ್ರೀಧನ ವಾಪಸು ಕೊಡಿಸುವ ಅಧಿಕಾರ 19ನೇ ಕಲಮಿನಲ್ಲಿ ಮ್ಯಾಜಿಸ್ಟ್ರೇಟರಿಗಿದೆ, ಆದರೆ ಏನೇನಿತ್ತು ಎಂದು ನಾವೇ ತೋರಿಸಬೇಕಲ್ಲ. ಬೈದು ಕಳಿಸಿದ ವಾಟ್ಸಾಪು ಮಾತುಗಳನ್ನು ಸಿಟ್ಟಿನಲ್ಲಿ ಅಳಿಸಬೇಡಿ. ಮೊಬೈಲು ಬದಲಿಸಿದರೂ ಹಳೆಯದನ್ನು ಮಾರಬೇಡಿ. ಅಂಥ ಸಾಕ್ಷಿಗೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಒಂದು ಪ್ರಮಾಣಪತ್ರ ಸೇರಿಸಬೇಕು, ವಕೀಲರಿಗೆ ನೆನಪು ಮಾಡಿ.

ಅರ್ಧ ಅಲ್ಲ ಎಂದೆನಲ್ಲ, ಅದೂ ಹೇಳಿಬಿಡುತ್ತೇನೆ. ಅರ್ಜಿ ಕಂಪ್ಯೂಟರಿನಲ್ಲಿ ಹೋದರೂ ಹೇಳಿಕೆ ಕೊಡಲು, ಪಾಟೀಸವಾಲು ಎದುರಿಸಲು ನೀವೇ ಹೋಗಬೇಕಾಗುತ್ತದೆ. ಕಾಗದದ ಪ್ರತಿಯನ್ನೂ ಕೇಳಬಹುದು. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಇತ್ಯರ್ಥ 60 ದಿನದೊಳಗೆ ಆಗುವಂತೆ ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಆಗುತ್ತಿದೆಯೇ? ಇಲ್ಲಿ ಕೋರ್ಟು ಅಲೆದವರು ನಗುತ್ತಿದ್ದೀರಿ, ಉತ್ತರ ಬೇಕಿಲ್ಲ. ಇ-ಫೈಲಿಂಗ್ ಒಂದು ಓಡಾಟ ಉಳಿಸುತ್ತದೆ, ತಾರೀಕುಗಳನ್ನು ಉಳಿಸುವುದಿಲ್ಲ. ಆ ತಾರೀಕುಗಳಿಗೆ ಜೊತೆಯಲ್ಲಿ ಬಸ್ಸು ಹತ್ತುವವರು ಬೇಕು, ಆ ದಿನ ಮಗುವನ್ನು ನೋಡಿಕೊಳ್ಳುವವರು ಬೇಕು.

ಮತ್ತೆ, ಹೊಡೆತ ಬೀಳುತ್ತಿರುವ ಹೊತ್ತಿನಲ್ಲಿ ಇ-ಫೈಲಿಂಗ್ ಅಂತ ಕೂರಬೇಡಿ. 112ಕ್ಕೆ ಒತ್ತಿ, ಇಲ್ಲವೇ 181.

ನನ್ನ ಚೀಲದಲ್ಲಿ ಎರಡನೇ, ಮೂರನೇ ನಮೂನೆಯ ಕನ್ನಡ ಪ್ರತಿಗಳಿವೆ. ಗುಂಪಿಗೊಂದರಂತೆ ತೆಗೆದುಕೊಳ್ಳಿ. ಆಧಾರಿನ ನಂಬರು ತಮ್ಮದಲ್ಲ ಎಂದು ಕೈ ಎತ್ತದೆ ಕೂತವರ ಹೆಸರನ್ನು ಗುಂಪಿನ ಪ್ರತಿನಿಧಿಗಳು ಬರೆದುಕೊಳ್ಳಿ, ಬರುವ ವಾರ ಅವರನ್ನು ಒಟ್ಟಿಗೆ ಕರೆದುಕೊಂಡು ಆಧಾರ್ ಕೇಂದ್ರಕ್ಕೆ ಹೋಗುವ. ಹೋಟೆಲು ಗಂಡನ ಆ ತಂಗಿಯೂ ಬರುತ್ತೇನೆಂದಿದ್ದಾಳೆ, ಸಾಲಿನಲ್ಲಿ ನಿಂತು ಫಾರಂ ತುಂಬಿಸಿ ಕೊಡುವುದಕ್ಕೆ.